ಸಾಲು ಹಂಚಿನ ಮುಂದೆ

ಮಳೆ ನಿಲ್ಲಲಿ ಎಂದು ಬಾನುಬಿ ಬೇಡಿಕೊಳ್ಳಲಿಲ್ಲ. ನಿಂತರೆಷ್ಟು, ಬಿಟ್ಟರೆಷ್ಟು, ಇವತ್ತಿನ ಮಾಂಸ ಹೇಗೂ ಮನೆಯೊಳಗೇ ಸುಡಬೇಕಾದದ್ದು. ಮಾವ ಮಹಮ್ಮದಸಾಬ ತೀರಿಕೊಂಡು ಇಂದಿಗೆ ನಲ್ವತ್ತನೆಯ ದಿನ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಮುಂದಿಟ್ಟು ಫಾತಿಹಾ ಓದಿಸಬೇಕು, ಮಾವನಿಗೆ ಇಷ್ಟವಾದದ್ದು ಬೆಂಕಿಯ ಮೇಲೆ ಸುಟ್ಟ ಮಾಂಸ ಎಂಬುದನ್ನು ಗಜೇಂದ್ರಗಡದ ಕೋಟೆಯ ಬುಡದಿಂದ ಪೇಟೆಯ ತುದಿಯವರೆಗೆ ಯಾರನ್ನು ಕೇಳಿದರೂ ಹೇಳಿಯಾರು. ಸುಡುವ ಕೈ ಯಾವಾಗಲೂ ಅತ್ತೆ ಖಾಜಾಬಿಯದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಜಾಲಿ ಕಟ್ಟಿಗೆಯ ಕೆಂಡ ಹರವಿ, ಆಕೆ ಕೂತಳೆಂದರೆ ಓಣಿಯ ನಾಯಿಗಳೆಲ್ಲ ಗೋಡೆಯಾಚೆ ಸಾಲಾಗಿ ಕೂರುತ್ತಿದ್ದವು. ಈಗ ಆಕೆ ಇದ್ದತ್ತಿನಲ್ಲಿದ್ದಾಳೆ. ಗಂಡ ಸತ್ತವಳು ಇದ್ದತ್ತು ಮುಗಿಯುವ ತನಕ, ಇನ್ನೂ ಮೂರು ತಿಂಗಳು, ಹೊಸ್ತಿಲು ದಾಟುವ ಹಾಗಿಲ್ಲ. ಹಿತ್ತಲಿಗೂ ಇಲ್ಲ, ಹಿತ್ತಲಿನ ಗೋಡೆ ಹೋದ ಮಳೆಗಾಲದಲ್ಲಿ ಕುಸಿದು ಓಣಿಗೆ ತೆರೆದುಕೊಂಡಿದೆ. ಹಾಗಾಗಿ ಒಳಗೆ. ಹಾಗಾಗಿ ಆ ಸಾಲು ಹಂಚಿನ ಮೇಲೆ. ಮತ್ತು ಈ ಸಲ ಸುಡುವವಳು ನೀನು ಎಂದು ಅತ್ತೆ ಮೊನ್ನೆಯೇ ಹೇಳಿಬಿಟ್ಟಿದ್ದಳು.

ಹೇಳಿದ್ದು ಅಷ್ಟೇ ಆಗಿರಲಿಲ್ಲ. "ನಲ್ವತ್ತರ ಖಂಡ ನೀನ ಸುಡು ಬಾನು," ಎಂದಿದ್ದಳು ಖಾಜಾಬಿ, ಜೋಳ ಹಸನು ಮಾಡುತ್ತ, ಮುಖ ಎತ್ತದೆ. "ನಿನ್ನ ಕೈ ಹದಕ್ಕ ಬಂತಂದ್ರ ಇದ್ದತ್ ಮುಗಿಸಿ ನಾ ಮೆಣಸಗಿಗೆ ಹೋಗಿಬಿಡತೀನಿ, ತಮ್ಮನ ಮನಿಗೆ. ಹೊಳಿ ದಂಡಿ ಊರು. ನನಗ ಇಲ್ಲಿ ಇನ್ನೇನೈತಿ." ಬಾನುಬಿ ಆಗ ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು, ಹೋಗಬ್ಯಾಡ್ರಿ ಅತ್ತಿ ಎನ್ನುವುದು ಬಾಯಿಮಾತಿನ ಮರ್ಯಾದೆ, ಯಾವ ಸೊಸೆಯಾದರೂ ಅನ್ನುತ್ತಾಳೆ. ಆದರೆ ಆ ಕ್ಷಣಕ್ಕೆ ಅವಳ ಹೊಟ್ಟೆಯೊಳಗೆ ಏನೋ ಹಗುರಾಗಿ ಎದ್ದು ನಿಂತಿತ್ತು, ಅದು ಖುಷಿ ಎಂದು ಗೊತ್ತಾಗುವಷ್ಟರಲ್ಲಿ ಮಾತಿನ ಹೊತ್ತು ಮೀರಿತ್ತು. ಮಾವ ಸತ್ತ ಮನೆಯಲ್ಲಿ, ಅವನ ಚಪ್ಪಲಿ ಇನ್ನೂ ಮೂಲೆಯಲ್ಲಿರುವಾಗ, ಅತ್ತೆ ಹೋಗುತ್ತಾಳಂತೆ ಎಂದು ಖುಷಿಪಡುವವಳು ಎಂಥ ಹೆಣ್ಣು. ಅಂದಿನಿಂದ ಅವಳು ಅತ್ತೆಯ ಕಣ್ಣು ತಪ್ಪಿಸುತ್ತಿದ್ದಳು, ಬೇಡದ ಕೆಲಸ ಹುಡುಕಿಕೊಂಡು ಮಾಡುತ್ತಿದ್ದಳು, ಇರುವ ಒಂದು ಕೊಡವನ್ನೇ ಎರಡೆರಡು ಸಲ ತಿಕ್ಕುತ್ತಿದ್ದಳು.

ಸಾಲು ಹಂಚು ಒಲೆಯ ಪಕ್ಕ ಗೋಡೆಗೆ ಒರಗಿ ನಿಂತಿತ್ತು. ಬೀಡು ಕಬ್ಬಿಣದ್ದು, ಎರಕ ಹೊಯ್ದದ್ದು, ಒಂದು ಕೈಯಲ್ಲಿ ಎತ್ತಿದರೆ ಮೊಣಕೈ ನಡುಗುವಷ್ಟು ಭಾರ. ಒಳಮೈಯಲ್ಲಿ ಉದ್ದಕ್ಕೂ ಎದ್ದ ಏಣುಗಳು, ಏಣು ಏಣಿನ ನಡುವೆ ಕುಂಟೆ ಹೊಡೆದ ಹೊಲದ ಹಾಗೆ ಸಾಲುಗಳು. ಮಾವ ನಾಲಬಂದ, ಕುದುರೆಗಳಿಗೆ ನಾಲು ಬಡಿಯುವವನು. ನರಗುಂದದ ಅರಸ ಕುಂಪಣಿಯ ಮೇಲೆ ತಿರುಗಿಬಿದ್ದ ಗಲಾಟೆ ಆಗಿ ಈಗ ವರ್ಷವಾಯಿತು, ಆಮೇಲೆ ಈ ಕಡೆ ಕುದುರೆಗಳೇ ಕಡಿಮೆ. ಆದರೆ ಅದಕ್ಕೂ ಎಷ್ಟೋ ಹಿಂದೆ, ಕುಂಪಣಿಯ ದಂಡೊಂದು ಈ ದಾರಿ ಹಿಡಿದು ಹೋದಾಗ ಯಾವನೋ ಸಾಹೇಬನ ಅಡಿಗೆಯವನು ಹಂಚನ್ನು ಮಾವನ ಕೈಗೆ ಹಾಕಿ ಹೋಗಿದ್ದನಂತೆ. ಯಾತಕ್ಕೆ ಬರುವುದು ಇದು ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ರೊಟ್ಟಿ ಹಾಕಿದರೆ ಏಣಿನ ಮೇಲೆ ಸೀದು ಸಾಲಿನ ಮೇಲೆ ಹಸಿ. ಬಡಿದು ನಾಲು ಮಾಡೋಣವೆಂದರೆ ಬೀಡು ಬಾಗುವ ಜಾತಿಯಲ್ಲ, ಬಡಿದರೆ ಒಡೆಯುತ್ತದೆ. ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟರು. ಒಂದು ಆಷಾಢದ ಜಡಿಮಳೆಗೆ ಹಿತ್ತಲಿನ ಕೆಂಡ ನಂದಿ, ಮಾವ ಉಣ್ಣದೆ ಮುಖ ಊದಿಸಿಕೊಂಡು ಕೂತಾಗ, ಖಾಜಾಬಿ ಎದ್ದು ಹೋಗಿ ಕೋಳಿಗೂಡಿನಿಂದ ಹಂಚು ತಂದು, ಬೂದಿ ಹಾಕಿ ತಿಕ್ಕಿ, ಒಲೆಯ ಮೇಲೆ ಕವುಚದೆ ಅಂಗಾತ ಇಟ್ಟು ಮಾಂಸ ಹಾಕಿದಳು. ಕಂಬಿಯ ಮೇಲೆ ಸುಟ್ಟ ಹಾಗೆ ಕರಿ ಗೀರು ಬಿತ್ತು, ಜಿಡ್ಡು ಸಾಲಿನೊಳಗೆ ಇಳಿದು ಬೇರೆಯಾಯಿತು. ಆಕೆಗೆ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ಸಾಹೇಬನ ಅಡಿಗೆಯವನು ಏನಕ್ಕೆ ಬಳಸುತ್ತಿದ್ದನೋ ಇವತ್ತಿಗೂ ಗೊತ್ತಿಲ್ಲ. ಇದನ್ನು ನೆನೆದಾಗಲೆಲ್ಲ ಬಾನುಬಿಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ಮೆಚ್ಚುಗೆಯೂ ಆಗುತ್ತಿತ್ತು, ಎರಡೂ ಒಂದೇ ಕಡೆಯಿಂದ ಬರುತ್ತಿದ್ದವು.

"ಕೂತಕೂತಲ್ಲೇ ಕನಸ ಕಾಣಾಕತ್ತಾಳ ನೋಡ ನಿನ್ನ ಸೊಸಿ," ಎಂದಳು ರಸೂಲಬಿ. ಮಾವನ ತಂಗಿ, ರೋಣದಿಂದ ನಲ್ವತ್ತಕ್ಕೆಂದು ಬಂದವಳು, ಬಂದ ಗಳಿಗೆಯಿಂದ ಅಡಿಗೆಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಎದ್ದಿರಲಿಲ್ಲ. ಅಣ್ಣ ಹೋದ ದುಃಖ ಅವಳಿಗೆ ಖರೇ ಇತ್ತು. ಆದರೆ ಅವಳ ದುಃಖ ಮಾತಾಗಿ ಬರುತ್ತಿತ್ತು, ಮಾತು ಯಾರ ಮೇಲಾದರೂ ಬೀಳಲೇಬೇಕಲ್ಲ. "ಮುಲ್ಲಾ ಬರೂ ಹೊತ್ತಾತು. ಕುತುಬುದ್ದೀನ ಆಗಲೇ ಕರಿಯಾಕ ಹೋದ. ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ, ನಿನ್ನ ಕಾಲ ಬಂದೈತಿ, ಏಳವಾ."

ಕುತುಬುದ್ದೀನ ಬಾನುಬಿಯ ಗಂಡ. ಬೆಳಿಗ್ಗೆ ಮಾಂಸದ ಬುಟ್ಟಿ ತಂದಿಟ್ಟು, "ಚಂದಾಗಿ ಮಾಡು, ಎಲ್ಲಾರೂ ನೋಡತಿರತಾರ," ಎಂದಷ್ಟೇ ಹೇಳಿ ಹೊರಟಿದ್ದ. ಎಲ್ಲರೂ ನೋಡುತ್ತಿರುತ್ತಾರೆ. ಅದನ್ನು ಅವನು ಹೇಳಬೇಕೇ. ಮದುವೆಯಾಗಿ ಬಂದ ವರ್ಷದ ಬಕ್ರೀದಿನ ದಿನವೂ ಎಲ್ಲರೂ ನೋಡುತ್ತಿದ್ದರು. ನರೇಗಲ್ಲಿನ ಅವಳ ತವರಲ್ಲಿ ಮಾಂಸವೆಂದರೆ ಗಡಿಗೆಯಲ್ಲಿ ಹಾಕಿ ಕುದಿಸುವುದು, ಸುಡುವ ಕಟ್ಟಳೆ ಇಲ್ಲ. ಅಂದೂ ಮಳೆ, ಅಂದೂ ಇದೇ ಹಂಚು. ಹೊಸ ಸೊಸೆ ಎಂದು ಯಾರೋ ನಗುತ್ತ ಇಕ್ಕಳ ಅವಳ ಕೈಗೆ ಕೊಟ್ಟರು. ಹಂಚು ಕಾದಿತ್ತೋ ಇಲ್ಲವೋ ನೋಡದೆ ಹಾಕಿದಳು, ಹಾಕಿದ್ದನ್ನು ಎಬ್ಬಿಸಲು ಹೋದಳು, ಅರ್ಧ ಮಾಂಸ ಕಬ್ಬಿಣಕ್ಕೆ ಅಂಟಿ ಉಳಿದರ್ಧ ಹರಿದು ಬಂತು, ಮೂರನೆಯ ಸಲ ಹಂಚಿಗೆ ಎಣ್ಣೆ ಹೊಯ್ದಾಗ ಹೊಗೆ ತುಂಬಿ ಮುದುಕರೆಲ್ಲ ಕೆಮ್ಮುತ್ತ ಪಡಸಾಲೆಗೆ ಓಡಿದರು. ಬೈದಿದ್ದರೆ ಚಲೋ ಆಗುತ್ತಿತ್ತು. ಖಾಜಾಬಿ ಬಂದು ಪಕ್ಕದಲ್ಲಿ ಕೂತು, ಅವಳ ಕೈಯಿಂದ ಇಕ್ಕಳ ತೆಗೆದುಕೊಂಡು, ಹಂಚು ಕೆರೆದು ಮೊದಲಿಂದ ಹಚ್ಚಿದಳು. ಉಂಡವರೆಲ್ಲ ಎಂದಿನಂತೆ, ಖಾಜಾಬಿ ಕೈ ಖಾಜಾಬಿ ಕೈ ಎಂದರು. ಇಕ್ಕಳ ಕಳೆದುಕೊಂಡ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾನುಬಿ ಬಾಗಿಲ ಹಿಂದೆ ನಿಂತಿದ್ದಳು. ಎರಡು ವರ್ಷ ಅವಳು ಕಾದದ್ದು ಒಂದೇ ಒಂದು ಮಾತಿಗೆ. ಬಾನುಬಿ ಕೈ ಎಂದು ಯಾರಾದರೂ ಒಮ್ಮೆ ಅನ್ನಬೇಕು.

"ಬಾ," ಎಂದಳು ಖಾಜಾಬಿ.

ಬಿಳಿ ಸೀರೆ, ಬರಿ ಕೈ, ಬಳೆ ಇಲ್ಲದ ಮಣಿಕಟ್ಟಿನ ಮೇಲೆ ಬಳೆ ಇದ್ದ ಕಡೆ ಬಣ್ಣ ತಿಳಿಯಾಗಿತ್ತು. ಮಾಂಸಕ್ಕೆ ಮಸಾಲೆ ಬೆಳಿಗ್ಗೆ ಆಕೆಯೇ ಹಚ್ಚಿದ್ದಳು. ನಲ್ವತ್ತರ ಮಾಂಸಕ್ಕೆ ಮಸಾಲೆ ಹೆಂಡತಿಯ ಕೈಯಲ್ಲೇ ಬೀಳಬೇಕು ಎಂದು ರಸೂಲಬಿ ಹಟ ಹಿಡಿದಿದ್ದಳು. ಶುಂಠಿ, ಬೆಳ್ಳುಳ್ಳಿ, ಮೆಣಸು ನುಣ್ಣಗೆ ಅರೆದು, ಒಂದೊಂದೇ ತುಂಡನ್ನು ಎತ್ತಿ, ಕೂಸಿಗೆ ಎಣ್ಣೆ ಹಚ್ಚುವಷ್ಟು ನಿಧಾನವಾಗಿ ಹಚ್ಚಿದ್ದಳು. ನಡುವೆ ಒಮ್ಮೆ ಕೈ ನಿಂತುಹೋಗಿ ಗೋಡೆಯ ಕಡೆ ನೋಡುತ್ತ ಕೂತದ್ದನ್ನು ಬಾನುಬಿ ಕಂಡಿದ್ದಳು. ಈಚೆಗೆ ಹಾಗಾಗುತ್ತಿತ್ತು. ಹಾಲು ಉಕ್ಕಿ ಒಲೆ ಆರಿದರೂ ಪಕ್ಕದಲ್ಲೇ ಇದ್ದವಳಿಗೆ ಗೊತ್ತಾಗಿರಲಿಲ್ಲ, ಕೋಳಿಗೂಡು ಮುಚ್ಚಿದಿಯಾ ಎಂದು ಒಂದೇ ಸಂಜೆ ಮತ್ತೆ ಮತ್ತೆ ಕೇಳಿದ್ದಳು. ಗಂಡ ಸತ್ತವಳ ಮನಸ್ಸು, ಎಲ್ಲೋ ಇರುತ್ತದೆ ಎಂದುಕೊಂಡಿದ್ದಳು ಬಾನುಬಿ.

"ಹಂಚು ಏರಸು. ಎಣ್ಣಿ ಹಾಕಬ್ಯಾಡ ಈಗ."

ಏರಿಸಿದಳು. ಕುಳ್ಳಿನ ಬೆಂಕಿ ಬೇಡವೆಂದು ಜಾಲಿ ಕಟ್ಟಿಗೆಯನ್ನೇ ಉರಿಸಿ ಕೆಂಡ ಮಾಡಿದ್ದರು, ಒಳಗೆ ಹೊಗೆ ಕಡಿಮೆಯಾಗಲಿ ಎಂದು. ಮಾಳಿಗೆಯ ಬೆಳಕಿಂಡಿಗೆ ಮಳೆಗಾಲದಲ್ಲಿ ಕವುಚುವ ಗಡಿಗೆಯನ್ನು ಖಾಜಾಬಿ ಕೋಲಿನಿಂದ ಅಷ್ಟೇ ಓರೆ ಮಾಡಿಸಿದ್ದಳು, ಹೊಗೆ ಹೋಗುವಷ್ಟು ತೆರೆದು, ಹನಿ ಒಲೆಯ ಮೇಲೆ ಬೀಳದಷ್ಟು ಮುಚ್ಚಿ. ಹಂಚು ಕಾಯಲು ಹೊತ್ತು ಹಿಡಿಯಿತು. ಬೀಡು ಮೊದಲು ಒಂದು ಕಡೆ ಕಾಯುತ್ತದೆ, ಆಮೇಲೆ ನಿಧಾನವಾಗಿ ಮೈ ಪೂರ ಕಾಯುತ್ತದೆ, ಒಮ್ಮೆ ಕಾದರೆ ಬಿಡುವುದಿಲ್ಲ. ಬಾನುಬಿಗೆ ಅವಸರ, ತುಂಡು ಎತ್ತಿಕೊಂಡೇಬಿಟ್ಟಳು. ಅತ್ತೆ ಕೈ ಅಡ್ಡ ಹಿಡಿದಳು. ಬೆರಳು ನೀರಲ್ಲಿ ಅದ್ದಿ ಒಂದು ಹನಿ ಚಿಮುಕಿಸಿದಳು. ಹನಿ ಅಲ್ಲೇ ಚುಂಯ್ ಎಂದು ಸತ್ತಿತು. "ಇನ್ನೂ ಆಗಿಲ್ಲ." ಮತ್ತೆ ಸ್ವಲ್ಪ ಹೊತ್ತು. ಮತ್ತೊಂದು ಹನಿ. ಈ ಸಲ ಹನಿ ಗುಂಡಗಾಗಿ ಏಣಿನ ಮೇಲಿಂದ ಏಣಿಗೆ ಜಿಗಿಯುತ್ತ ಓಡಿ ಹಂಚಿನ ಅಂಚು ದಾಟಿ ಹೋಯಿತು. ರಸೂಲಬಿಯೂ ಕುತ್ತಿಗೆ ಮುಂದೆ ಮಾಡಿ ನೋಡಿದಳು. "ಈಗ ಖಂಡಕ್ಕ ಎಣ್ಣಿ ಸವರು. ಹಂಚಿಗಲ್ಲ. ಹಂಚಿಗೆ ಹಾಕಿದ್ರ ಸಾಲಿನ್ಯಾಗಿನ ಎಣ್ಣಿ ಸುಟ್ಟು ಹೊಗಿ ಆಕ್ಕೈತಿ, ಮನಿಯೊಳಗ ಕುಂದ್ರಾಕ ಆಗೂದಿಲ್ಲ." ಬಕ್ರೀದಿನ ಹೊಗೆ ಎಲ್ಲಿಂದ ಬಂದಿತ್ತು ಎಂಬುದು ಬಾನುಬಿಗೆ ಎರಡು ವರ್ಷದ ಮೇಲೆ ತಿಳಿಯಿತು. ಅಂದೇ ಹೇಳಬಹುದಾಗಿತ್ತಲ್ಲ ಎಂದು ಸಿಟ್ಟು ಬಂತು. ಅಂದು ತಾನು ಕೇಳಿದ್ದೆನೇ, ಬಾಗಿಲ ಹಿಂದೆ ಹೋಗಿ ನಿಂತವಳು.

ತುಂಡು ಹಂಚಿಗೆ ತಾಗಿದ ಸದ್ದು ಒಳಮನೆಯನ್ನೆಲ್ಲ ತುಂಬಿತು. ಮಳೆಯ ಸದ್ದು ಅದರಡಿ ಅಡಗಿತು. ಕೆಂಡದ ಮೇಲಾದರೆ ಕೊಬ್ಬು ಬಿದ್ದು ಉರಿ ಏಳುತ್ತದೆ, ಗಾಳಿಗೆ ವಾಸನೆ ಊರ ಪಾಲಾಗುತ್ತದೆ. ಇಲ್ಲಿ ಎಲ್ಲವೂ ಕಣ್ಣೆದುರಿಗೆ, ಮೂಗಿನ ಕೆಳಗೆ, ನಾಲ್ಕು ಗೋಡೆಯ ನಡುವೆ. "ಇನ್ನ ಮುಟ್ಟಬ್ಯಾಡ ಅದನ್ನ. ಎಳೀಬ್ಯಾಡ, ಒತ್ತಬ್ಯಾಡ. ಆತಂದ್ರ ತಾನ ಬಿಡತೈತಿ." ಖಾಜಾಬಿ ಕಣ್ಣು ಮುಚ್ಚಿದ್ದಳು. ಮುಚ್ಚಿಕೊಂಡೇ, "ಬಲಗಡೆದು ಹೊಳ್ಳಿಸು," ಎಂದಳು. ಬಾನುಬಿ ಇಕ್ಕಳ ಹಾಕಿದಳು. ತುಂಡು ಹಗುರಾಗಿ ಎದ್ದು ಬಂತು, ಅಂಟಲಿಲ್ಲ, ಕೆಳಮೈಯಲ್ಲಿ ನೆಟ್ಟಗೆ ಕರಿ ಗೀರು, ಗೀರಿನ ನಡುವೆ ಹೊನ್ನಿನ ಬಣ್ಣ. "ಹ್ಯಾಂಗ ಗೊತ್ತಾತ್ರೀ ಅತ್ತಿ?" ಎಂದು ಕೇಳಿಬಿಟ್ಟಳು, ಹುಡುಗಿಯ ದನಿಯಲ್ಲಿ. "ಕೇಳು. ಹಾಕಿದಾಗ ಬಡಬಡ ಮಾತಾಡತೈತಿ, ರಸೂಲಬಿ ಹಂಗ. ನೀರ ಆರಿದ ಮ್ಯಾಲ ಮಾತು ಸಣ್ಣದಾಕ್ಕೈತಿ. ಆವಾಗ." ರಸೂಲಬಿ, "ಸತ್ತ ಮನ್ಯಾಗೂ ನಿನ್ನ ಚಾಷ್ಟಿ ಬಿಡೂದಿಲ್ಲ ಭಾಬಿ," ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು, ನಕ್ಕಳೋ ಅತ್ತಳೋ.

ಮುಂದಿನ ತುಂಡಿಗೆ ಬಾನುಬಿಯೂ ಕಣ್ಣು ಮುಚ್ಚಿದಳು. ಮೊದಲು ಬರಿ ಗದ್ದಲ. ಆಮೇಲೆ ಗದ್ದಲದೊಳಗೇ ಒಂದು ಎಳೆ ಸಣ್ಣದಾಗುತ್ತ ಹೋಗುವುದು ಕೇಳಿಸಿತು. ಈಗ, ಎಂದಳು ಮನಸ್ಸಿನಲ್ಲಿ. ಈಗ, ಎಂದಳು ಅತ್ತೆ ಬಾಯಿಬಿಟ್ಟು, ಅದೇ ಉಸಿರಿಗೆ. ಎಂಥ ಹೆಂಗಸು ಇವಳು! ಕೋಳಿಗೂಡಿಗೆ ಆನಿಸಿಟ್ಟ ಕಬ್ಬಿಣಕ್ಕೆ ಮಾತು ಬರುತ್ತದೆಂದು ಕಂಡುಹಿಡಿದವಳು. ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ತಾನು ಇವಳ ತಪ್ಪು ಹುಡುಕುತ್ತಿದ್ದೆ, ಇವಳ ಕಿವಿಯನ್ನು ನೋಡಿರಲಿಲ್ಲ. ಇವಳು ಹೋದರೆ ಈ ಒಲೆಯ ಮುಂದೆ ತಾನು ಒಬ್ಬಳೇ ಕೂತಿರುತ್ತೇನೆ, ಈಗ ಎಂದರೆ ಈಗ ಎನ್ನುವವರಿಲ್ಲ. ಮೊನ್ನೆಯ ಖುಷಿಯನ್ನು ಹುಡುಕಿ ನೋಡಿದಳು. ಅದು ಇದ್ದ ಜಾಗದಲ್ಲಿ ಇರಲಿಲ್ಲ. ಹೋಗಬೇಡ ಎಂದು ಈಗ ಅನ್ನಬೇಕೆನಿಸಿತು, ಆದರೆ ಮೊನ್ನೆ ನುಂಗಿದ ಮಾತನ್ನು ಇವತ್ತು ರಸೂಲಬಿಯ ಎದುರಿಗೆ ಹೇಗೆ ತೆಗೆಯುವುದು.

ಆ ಯೋಚನೆಯಲ್ಲೇ ಕೈ ಕೆಟ್ಟಿತು. ಚಿಕ್ಕ ತುಂಡೊಂದು ಏಣಿನ ಸಂದಿಗೆ ಜಾರಿತ್ತು, ಇಕ್ಕಳಕ್ಕೆ ಸಿಗದೆ, ಬೆರಳಿನಿಂದಲೇ ಎಬ್ಬಿಸಲು ಹೋದಳು. ಸಾಲಿನಲ್ಲಿ ಕುದಿಯುತ್ತಿದ್ದ ರಸ ಬೆರಳಿಗೆ ಹತ್ತಿತು. ಸುಟ್ಟ ಬೆರಳು ಎಲ್ಲಿಗೆ ಹೋಗುತ್ತದೆ? ಬಾಯಿಗೆ ಹೋಯಿತು. ಹೋದ ಮೇಲೆ ತಿಳಿಯಿತು ಏನು ಮಾಡಿದೆ ಎಂದು. ಫಾತಿಹಾ ಓದುವ ತನಕ ಆ ಅಡಿಗೆ ಯಾರ ನಾಲಿಗೆಗೂ ತಾಗಬಾರದು, ರುಚಿ ನೋಡುವ ಹಾಗಿಲ್ಲ, ಸತ್ತವರ ಪಾಲು ಎಂಜಲಾಗುತ್ತದೆ. ಮೂರು ವರ್ಷದ ಕೂಸಿಗೂ ಗೊತ್ತಿರುವ ಕಟ್ಟಳೆ. ಬೆರಳನ್ನು ಥಟ್ಟನೆ ತೆಗೆದು ನೀರಲ್ಲಿ ಅದ್ದಿದಳು. ರಸೂಲಬಿ ಬಾಗಿಲ ಕಡೆ ನೋಡುತ್ತಿದ್ದಳು, ಪಡಸಾಲೆಯಲ್ಲಿ ಗಂಡಸರ ದನಿ, ಮುಲ್ಲಾ ಬಂದಿದ್ದರು. ಅತ್ತೆಯ ಕಣ್ಣು ಮುಚ್ಚಿತ್ತು. ಯಾರೂ ನೋಡಿಲ್ಲ. ಯಾರೂ ನೋಡಿಲ್ಲ ಎಂದುಕೊಳ್ಳುವಾಗಲೇ ನಾಲಿಗೆಯ ಮೇಲೆ ಉಳಿದದ್ದು ಏನೆಂದು ಅರಿವಾಯಿತು. ಶುಂಠಿ ಇತ್ತು, ಮೆಣಸಿನ ಖಾರ ಇತ್ತು, ಕಬ್ಬಿಣದ ಬಿಸಿ ಇತ್ತು. ಉಪ್ಪು ಇರಲಿಲ್ಲ.

ಇನ್ನೊಮ್ಮೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದಳು. ಇಲ್ಲ. ಒಂದು ಕಾಳೂ ಇಲ್ಲ. ಬೆಳಿಗ್ಗೆ ಅತ್ತೆ ಗೋಡೆ ನೋಡುತ್ತ ಕೂತಾಗಲೇ ಮರೆತದ್ದು. ಈಗ ಸುಮ್ಮನಿದ್ದರೆ ಆಯಿತು. ಮಸಾಲೆ ಹಚ್ಚಿದ್ದು ಯಾರು ಎಂಬುದಕ್ಕೆ ರಸೂಲಬಿ ಸಾಕ್ಷಿ. ಪಡಸಾಲೆಯಲ್ಲಿ ಮೊದಲ ತುತ್ತಿಗೇ ಮುಖ ಮುಖ ನೋಡಿಕೊಳ್ಳುತ್ತಾರೆ, ಖಾಜಾಬಿ ಕೈ ಹೋಯಿತು ಎನ್ನುತ್ತಾರೆ, ಗಂಡನ ನಲ್ವತ್ತಕ್ಕೇ ಉಪ್ಪು ಮರೆತಳು ಎನ್ನುತ್ತಾರೆ, ಆ ಮಾತು ರೋಣಕ್ಕೂ ಹೋಗುತ್ತದೆ, ಮೆಣಸಗಿಗೂ ಆಕೆಗಿಂತ ಮುಂಚೆ ಹೋಗಿ ಕೂತಿರುತ್ತದೆ. ಎರಡು ವರ್ಷ ತಾನು ಬಯಸಿದ್ದು ಇದನ್ನೇ ಅಲ್ಲವೇ, ಈ ಕೈ ಒಮ್ಮೆ ಎಡವಲಿ ಎಂದು? ಬಯಸಿದ್ದು ಕೈಗೆ ಬಂದಾಗ ಅದನ್ನು ಹಿಡಿದುಕೊಳ್ಳಲು ನಾಚಿಕೆಯಾಯಿತು. ಹೇಳಿದರೆ? ಹೇಳಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಮಾವನ ಪಾಲನ್ನು ನೆಕ್ಕಿದವಳು ಎಂಬುದು ಸಾಯುವ ತನಕ ಹಿಂದೆ ಬರುತ್ತದೆ, ಬಾನುಬಿ ಕೈ ಎಂಬ ಮಾತು ಈ ಜನ್ಮದಲ್ಲಿ ಕೇಳಿಸುವುದಿಲ್ಲ. ಕೊನೆಯ ತುಂಡುಗಳು ಹಂಚಿನ ಮೇಲೆ ಸಣ್ಣಗೆ ಮಾತಾಡತೊಡಗಿದ್ದವು. ಹೊತ್ತಿಲ್ಲ.

"ಅತ್ತಿ," ಎಂದಳು. "ಉಪ್ಪ ಬಿದ್ದಿಲ್ಲರೀ."

ರಸೂಲಬಿ ತಿರುಗಿದಳು. "ಏನಂದಿ? ಉಪ್ಪಿಲ್ಲಂತ ನಿನಗ ಹ್ಯಾಂಗ ಗೊತ್ತಾತು?"

ಬಾನುಬಿ ನೆಲ ನೋಡಿದಳು. ಖಾಜಾಬಿ ಕಣ್ಣು ತೆರೆದಿದ್ದಳು. ಆ ಮುಖದ ಮೇಲೆ ಒಂದು ಕ್ಷಣ ಬಂದು ಹೋದದ್ದನ್ನು ಬಾನುಬಿ ಓರೆಗಣ್ಣಿನಲ್ಲಿ ಕಂಡಳು. ಸಿಟ್ಟಲ್ಲ ಅದು, ಭಯ. ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ಆಕೆ ನೋಡಿಕೊಂಡಳು. ನೋಡಿಕೊಂಡಷ್ಟೇ ಹೊತ್ತು, ಆಮೇಲೆ ತಲೆ ಎತ್ತಿ, ಏನೂ ಆಗದ ದನಿಯಲ್ಲಿ, "ನಾನ ಹೇಳೇನಿ ಆಕಿಗೆ," ಎಂದಳು. "ಹಂಚಿನ ಮ್ಯಾಲಿನ ಖಂಡಕ್ಕ ಮೊದಲ ಉಪ್ಪ ಹಚ್ಚಿದ್ರ ನೀರ ಬಿಡತೈತಿ ರಸೂಲ, ಸುಡೂದಿಲ್ಲ, ಬೇಯತೈತಿ. ಇಳಸೂಮುಂದ ಉಪ್ಪು. ನಾ ಮರತೇನೇನೋ ಅಂತ ನೆನಪ ಮಾಡಿದ್ಲು, ಅಷ್ಟ."

"ಯಾವಾಗಿಂದ ಈ ಪದ್ಧತಿ?"

"ಹಂಚು ಮನಿಗೆ ಬಂದಾಗಿಂದ."

ಸುಳ್ಳು. ಬಕ್ರೀದಿನ ದಿನ ಮಸಾಲೆಯ ಜೊತೆಗೇ ಉಪ್ಪು ಕಲಸಿದ್ದನ್ನು ಬಾನುಬಿ ಇದೇ ಕಣ್ಣಿಂದ ನೋಡಿದ್ದಳು. ನಲ್ವತ್ತರ ದಿನ, ಇದ್ದತ್ತಿನಲ್ಲಿ ಕೂತ ಹೆಂಗಸು, ಒಂದೇ ಉಸಿರಿನಲ್ಲಿ ತನ್ನ ಮರೆವನ್ನು ಕಟ್ಟಳೆ ಮಾಡಿ, ಆ ಕಟ್ಟಳೆಯ ಕೆಳಗೆ ಸೊಸೆಯನ್ನೂ ಎಳೆದುಕೊಂಡಿದ್ದಳು. ರಸೂಲಬಿಗೆ ನಂಬದೆ ವಿಧಿಯಿರಲಿಲ್ಲ, ಹಂಚಿನ ವಿಷಯದಲ್ಲಿ ಖಾಜಾಬಿ ಹೇಳಿದ್ದೇ ಶಾಸ್ತ್ರ. ಖಾಜಾಬಿ ಉಪ್ಪಿನ ಮಡಕೆಗೆ ಕೈ ಹಾಕಿ, ಹರಳನ್ನು ಅಂಗೈಯಲ್ಲೇ ಹೊಸೆದು ಪುಡಿ ಮಾಡಿ, ಎತ್ತರದಿಂದ, ಒಂದೇ ಕಡೆ ಬೀಳದ ಹಾಗೆ ಉದುರಿಸಿದಳು. ಬಿಸಿ ಮಾಂಸದ ಮೇಲೆ ಉಪ್ಪು ಮಿನುಗಿ ಕರಗಿತು. ಇಳಿಸಿದ ಮೇಲೆ ಕೂಡಲೇ ಮುಟ್ಟಗೊಡಲಿಲ್ಲ, ರಸ ಒಳಗೆ ನಿಲ್ಲಲಿ ಎಂದು ಮುಚ್ಚಿಟ್ಟಳು. ಆಮೇಲೆ ತಟ್ಟೆಗೆ ಜೋಡಿಸುವಾಗ, ಬಾನುಬಿಗೆ ಮಾತ್ರ ಕೇಳುವ ಹಾಗೆ, "ಯಾವ ತುಂಡು?" ಎಂದಳು. ಬಾನುಬಿ ಚಿಕ್ಕ ತುಂಡನ್ನು ಕಣ್ಣಲ್ಲೇ ತೋರಿಸಿದಳು. ಖಾಜಾಬಿ ಅದನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟಳು.

ಪಡಸಾಲೆಯಲ್ಲಿ ಲೋಬಾನದ ಹೊಗೆ ಎದ್ದಿತು. ಮುಲ್ಲಾ ಅಲ್ಲಾವುದ್ದೀನ ಓದುವ ದನಿ ಮಳೆಯ ಸದ್ದಿನ ಜೊತೆ ಏರುತ್ತ ಇಳಿಯುತ್ತ ಬಂತು. ನಡುಬಾಗಿಲಿಗೆ ಕಟ್ಟಿದ ಚಾದರದ ಹಿಂದೆ ಮೂವರೂ ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಬಾನುಬಿ ಮಾವನನ್ನು ನೆನೆಯಲು ನೋಡಿದಳು, ಕ್ಷಮಿಸಿ ಅನ್ನಬೇಕಿತ್ತು. ನೆನಪಾದದ್ದು ಮಾವ ಉಂಡು ಬೆರಳು ಚೀಪುತ್ತಿದ್ದ ರೀತಿ. ಅವನು ಸಿಟ್ಟಾಗಲಾರ ಎಂದು ಒಂದು ಧೈರ್ಯ ಬಂತು. ಓದು ಮುಗಿದು, ತಟ್ಟೆಗಳು ಹೋಗಿ, ಹೊರಗೆ ಮಾತು ನಿಂತಿತು. ಉಣ್ಣುವ ಸದ್ದು ಮಾತ್ರ. ಎಷ್ಟೋ ಹೊತ್ತಿನ ಮೇಲೆ ಮುಲ್ಲಾ ಕೇಳಿದರು, "ಭಾಬೀ, ಹೊರಗ ಕೆಂಡದ ಮ್ಯಾಲ ಸುಟ್ಟಿದ್ದಕ್ಕಿಂತ ಒಂದು ಕೈ ಮ್ಯಾಲೈತ್ರಿ ಇದು. ಯಾರ ಕೈದು?"

ಬಾನುಬಿ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

"ನನ್ನ ಸೊಸಿ ಬಾನು ಕೈದ್ರಿ," ಎಂದಳು ಖಾಜಾಬಿ, ಚಾದರದ ಈಚೆಯಿಂದ, ನೆಟ್ಟಗೆ ಕೂತು.

ಬಾನುಬಿ ಕೈ, ಬಾನುಬಿ ಕೈ ಎಂದು ಆಚೆ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಯಿತು. ಕುತುಬುದ್ದೀನ ಏನೋ ಅಂದ, ಎಲ್ಲರೂ ಮೆಲ್ಲಗೆ ನಕ್ಕರು. ರಸೂಲಬಿ ಖಾಜಾಬಿಯ ಮೊಣಕಾಲು ತಟ್ಟಿ, "ಹಂಗಾರ ಆತು ಭಾಬಿ. ಇನ್ನ ನೀ ಮೆಣಸಗಿಗೆ ಹೋಗಾಕ ಅಡ್ಡಿಯಿಲ್ಲ," ಎಂದಳು. ಬಾನುಬಿಗೆ ಎದ್ದು ನಿಂತು ಕೂಗಬೇಕೆನಿಸಿತು, ನನ್ನ ಕೈಯಲ್ಲ, ನಾನು ನೆಕ್ಕಿದವಳು, ನನಗೇನೂ ಬರುವುದಿಲ್ಲ ಎಂದು. ಕೂಗಿದರೆ ಅತ್ತೆ ಸುಳ್ಳುಗಾತಿಯಾಗುತ್ತಾಳೆ. ತನ್ನನ್ನು ಕಾಪಾಡಿದ ಮಾತೇ ತನ್ನ ಬಾಯಿ ಕಟ್ಟಿತ್ತು. ಎರಡು ವರ್ಷ ಕಾದ ಹೊಗಳಿಕೆಯನ್ನು ಕೇಳುತ್ತ, ಅದು ಲಗೂ ಮುಗಿಯಲಿ ಎಂದು ಕಾಯುತ್ತ ಕೂತಳು.

ಗಂಡಸರು ಹೋದರು. ಮಳೆ ಸಣ್ಣದಾಯಿತು. ರಸೂಲಬಿ ಪಡಸಾಲೆಯ ಮೂಲೆಯಲ್ಲಿ ಕಣ್ಣಿಗೆ ಸೆರಗು ಹಾಕಿಕೊಂಡು ಅಡ್ಡಾದಳು. ಒಲೆಯ ಮುಂದೆ ಖಾಜಾಬಿ ರೊಟ್ಟಿ ಮುರಿಯುತ್ತ ಕೂತಿದ್ದಳು, ಉಣ್ಣುತ್ತಿರಲಿಲ್ಲ. ಬಾನುಬಿ ಎದುರಿಗೆ ಕೂತಳು.

"ಹೋಗಬ್ಯಾಡ್ರಿ ಅತ್ತಿ," ಎಂದಳು.

ಖಾಜಾಬಿ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. "ಖರೇನ ಮರತಿದ್ದೆ ಬಾನು," ಎಂದಳು. "ಉಪ್ಪಿನ ಮಡಕಿ ಮುಂದ ಇತ್ತು. ಕೈ ಯಾಕ ಹೋಗಲಿಲ್ಲ ಅಂತ ಗೊತ್ತಿಲ್ಲ. ಅವರು ಹಾಸಿಗಿ ಹಿಡದಾಗಿಂದ ಹಿಂಗ ಆಗಾಕತ್ತೈತಿ. ಮೆಣಸಗಿ ಮಂದಿ ನನ್ನ ಕೈ ಉಂಡಿಲ್ಲ. ಅಲ್ಲಿ ಏನ ಮರತರೂ ಮುದಕಿ ಮರತಳು ಅಂತಾರ, ಅಷ್ಟ. ಇಲ್ಲಿ ಖಾಜಾಬಿ ಮರತಳು ಅಂತಾರ. ಅದನ್ನ ಕೇಳೂದಕ್ಕ ಮೊದಲ ಹೋಗಬೇಕು."

ನಿನ್ನ ಕೈ ಹದಕ್ಕೆ ಬಂದರೆ ಹೋಗುತ್ತೇನೆ ಎಂದು ಅತ್ತೆ ಅಂದದ್ದು ಇದಕ್ಕೆ. ಸೊಸೆಗೆ ಒಲೆ ಬಿಟ್ಟುಕೊಡುವ ದೊಡ್ಡಸ್ತಿಕೆಯಲ್ಲ, ಬಿದ್ದು ನಗೆಗೀಡಾಗುವ ಮೊದಲು ಎದ್ದು ಹೋಗುವ ಅವಸರ. ಬಾಗಿಲ ಹಿಂದೆ ಕೈ ಮುಚ್ಚಿಕೊಂಡು ನಿಲ್ಲುವುದು ಏನೆಂದು ಬಾನುಬಿಗೆ ಗೊತ್ತಿತ್ತು. ಅತ್ತೆಯ ಬರಿ ಮಣಿಕಟ್ಟನ್ನು ಹಿಡಿದುಕೊಂಡಳು, ಮದುವೆಯಾಗಿ ಬಂದ ಮೇಲೆ ಮೊದಲ ಸಲ.

"ನೀವು ಮರೀರಿ ಅತ್ತಿ," ಎಂದಳು. "ನಾ ನೆಕ್ಕಿ ನೋಡತೀನಿ."

ಖಾಜಾಬಿ ಅವಳನ್ನು ನೋಡಿದಳು. ತುಟಿ ಅದುರಿತು, ನಗು ಬರುವುದನ್ನು ತಡೆಯಲು ಸೆರಗು ಬಾಯಿಗೆ ತುಂಬಿಕೊಂಡಳು, ತಡೆಯಲಾಗದೆ ಭುಜ ಕುಲುಕಿತು, ಪಡಸಾಲೆಯಿಂದ ರಸೂಲಬಿ ಏನಾತು ಭಾಬಿ ಎಂದು ನಿದ್ದೆಗಣ್ಣಲ್ಲೇ ಕೂಗಿದಳು. ಏನಿಲ್ಲ, ಮಲಕೊ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆಮೇಲೆ ಖಾಜಾಬಿ ಚಿಕ್ಕ ತುಂಡಿದ್ದ ಬಟ್ಟಲನ್ನು ಎಳೆದುಕೊಂಡು, ಅದನ್ನು ಎರಡಾಗಿ ಹರಿದು, ಒಂದನ್ನು ಬಾನುಬಿಯ ಕೈಗಿಟ್ಟು, ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು.